ಮಾರ್ಗರೀಟಾ ತಿರುಗಿಸಿದ ಕ್ಯಾಮೆರಾ

ಹಳಿಯಾಳದ ಟಾಕೀಸಿನಲ್ಲಿ ಜನರೆಲ್ಲ ತನ್ನನ್ನು ನೋಡಿ ನಕ್ಕಾಗ ಮಾರ್ಗರೀಟಾಗೆ ಹತ್ತೊಂಬತ್ತು ವರ್ಷ. ಸಿನೆಮಾ ಶುರುವಾಗುವ ಮೊದಲು ತೋರಿಸಿದ ಕಿರುಚಿತ್ರದಲ್ಲಿ ಅವಳಿದ್ದಳು, ಸೊಂಟಕ್ಕೆ ಸೊಪ್ಪು ಕಟ್ಟಿಕೊಂಡು ಕುಣಿಯುತ್ತ. ಇವರು ಬಟ್ಟೆಯನ್ನೇ ಅರಿಯದ ಕಾಡುಜನ ಎಂದಿತು ಹಿನ್ನೆಲೆಯ ದನಿ. ಊರವರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದವಳು ಅವಳು. ಸರಕಾರ ನಿಮ್ಮ ಕಷ್ಟ ನೋಡಲಿ ಅಂತಲೇ ಈ ಚಿತ್ರ ಎಂದು ನಂಬಿಸಿ, ಮುಂಬಯಿಯಿಂದ ಬಂದಿದ್ದ ನಿರ್ದೇಶಕ, ಹಿಂದೆಂದೋ ಆಫ್ರಿಕಾದಿಂದ ಬಂದು ಇಲ್ಲಿ ನೆಲೆಸಿದ ಅವಳ ಸಿದ್ದಿ ಜನಾಂಗದ ಹೆಂಗಸರಿಗೆ ಸೀರೆಯ ಬದಲು ಸೊಪ್ಪು ಉಡಿಸಿದ್ದ.

ಟಾಕೀಸಿನ ಹೊರಗೆ ಹುಡುಗರು ಕೇಕೆ ಹಾಕುತ್ತ ಬೆನ್ನುಹತ್ತಿದರು. ನೋಡಿಹೋಗಿದ್ದ ಗಂಡಿನವರು ಸಂಬಂಧ ಬೇಡವೆಂದು ಹೇಳಿಕಳಿಸಿದರು. ಅವಳು ಅಳಲಿಲ್ಲ. ಆ ಮನುಷ್ಯನ ಮುಖ, ಕುಣಿತ ಸಾಲದೆಂದು ಅವನು ಚಿಟಿಕೆ ಹೊಡೆಯುತ್ತಿದ್ದ ಬಗೆ, ಎಲ್ಲವನ್ನೂ ಎದೆಯಲ್ಲಿ ಕೂಡಿಟ್ಟಳು.

ಹತ್ತು ವರ್ಷಗಳ ಮೇಲೆ, ೧೯೮೬ರಲ್ಲಿ, ಒಂದು ಸೇವಾಸಂಸ್ಥೆ ಸಿದ್ದಿ ಯುವಕ ಯುವತಿಯರಿಗೆ ವಿಡಿಯೋ ತೆಗೆಯಲು ಕಲಿಸತೊಡಗಿತು. ಕುಡಿಯುವ ನೀರು, ಕಿತ್ತುಕೊಂಡ ಹೊಲ, ಬಾರದ ಬಸ್ಸು, ಇವನ್ನೆಲ್ಲ ಅವರೇ ಚಿತ್ರ ಮಾಡಿ ಅಧಿಕಾರಿಗಳಿಗೆ ತೋರಿಸಬೇಕೆಂಬ ಉದ್ದೇಶ. ಕಲಿಸುವವನು ದಾಂಡೇಲಿಯ ಟಿವಿ ಮೆಕ್ಯಾನಿಕ್ ಹಾಶಿಮ. ಈ ವಯಸ್ಸಿನಲ್ಲಿ ನಿನಗೇಕೆ ಈ ಉಸಾಬರಿ ಎಂದು ಅವನು ಹಿಂದೇಟು ಹಾಕಿದರೂ ಮಾರ್ಗರೀಟಾ ಬಿಡಲಿಲ್ಲ. ವರ್ಷ ಕಳೆಯುವುದರೊಳಗೆ ಹೊಸಬರಿಗೆ ಅವಳೇ ಕಲಿಸುತ್ತಿದ್ದಳು. ಅವಳ ಹುಡುಗರು ತೆಗೆದ ಬತ್ತಿದ ಬಾವಿಯ ಚಿತ್ರ ನೋಡಿ ಊರಿಗೆ ಬೋರ್‌ವೆಲ್ ಮಂಜೂರಾಯಿತು. ಎಲ್ಲರೂ ಹಿಗ್ಗಿದರು. ಅವಳು ಮಾತ್ರ ಕಾಯುತ್ತಲೇ ಇದ್ದಳು.

ಕೊನೆಗೆ ಅಂಥದೇ ಇನ್ನೊಂದು ಚಿತ್ರ ತೆಗೆಯಲು ಆ ನಿರ್ದೇಶಕ ಮತ್ತೆ ಬಂದ. ಅವನಿಗೆ ಅವಳ ಗುರುತು ಹತ್ತಲಿಲ್ಲ. ಕುಣಿಯುವವರನ್ನು ಕೂಡಿಸಿಕೊಡುತ್ತೇನೆ, ನಮ್ಮ ಹುಡುಗರು ನಿಮ್ಮ ಕೆಲಸವನ್ನು ವಿಡಿಯೋ ತೆಗೆದು ಕಲಿಯಲಿ ಎಂದು ಅವಳು ವಿನಯದಿಂದ ಕೇಳಿದಳು. ಅವನು ಹೆಮ್ಮೆಯಿಂದಲೇ ಒಪ್ಪಿದ. ಹೆಂಗಸರಿಗೆ ಅವಳು ಮೊದಲೇ ಎಲ್ಲ ತಿಳಿಸಿದ್ದಳು. ಹುಡುಗರ ಕ್ಯಾಮೆರಾದ ಎದುರೇ ಅವನು ಕೈಗಡಿಯಾರ ಬಿಚ್ಚಿಸಿದ, ಸೈಕಲ್ಲು ಮರೆಮಾಡಿಸಿದ, ಮುದುಕಿಯೊಬ್ಬಳ ಕೊರಳಿನ ಶಿಲುಬೆ ತೆಗೆಸಿದ, ತುಸು ತಿಳಿಬಣ್ಣದ ಹುಡುಗಿಯ ಮುಖಕ್ಕೆ ಮಸಿ ಬಳಿಸಿದ. ಗದರುತ್ತ ಹಿಂದೆ ಸರಿಯುವಾಗ ಗದ್ದೆಯ ಕೆಸರಿಗೆ ಅಂಗಾತ ಬಿದ್ದ.

ಬಿದ್ದದ್ದನ್ನು ತೆಗೆದುಹಾಕೋಣ ಎಂದ ಹಾಶಿಮ. “ನಮ್ಮ ಕೆಲಸಕ್ಕ ಅದು ಬೇಕಾಗಿಲ್ಲ, ಮಾರ್ಗರೀಟಾ ಬಾಯಿ. ಅಂವಾ ಮಾಡಿದ ಮೋಸ ತೋರಿಸಿದ್ರ ಸಾಕು.”

“ನನಗ ಬೇಕಾಗೈತಿ,” ಎಂದಳು ಮಾರ್ಗರೀಟಾ. “ಮೋಸ ನೋಡಿ ಮಂದಿ ಸಿಟ್ಟಾಗ್ತಾರ. ಅಷ್ಟ ಸಾಲೂದಿಲ್ಲ. ಅವನ್ನ ನೋಡಿ ನಗಬೇಕು.”

ಸನ್ಮಾನವೆಂದು ಹೇಳಿ ನಿರ್ದೇಶಕನನ್ನು ಹಳಿಯಾಳದ ಸಭೆಯೊಂದಕ್ಕೆ ಕರೆದು, ಅಧಿಕಾರಿಗಳು, ವ್ಯಾಪಾರಿಗಳ ನಡುವೆ ಮುಂದಿನ ಸಾಲಿನಲ್ಲಿ ಕೂಡಿಸಿ ಟಿವಿ ಹಚ್ಚಿದರು. ಮಸಿ ಬಳಿಯುವುದು ಕಂಡಾಗ ಅಧಿಕಾರಿಗಳು ಅವನತ್ತ ತಿರುಗಿ ನೋಡಿದರು. ಅವನು ಕೆಸರಿಗೆ ಬಿದ್ದಾಗ ನಗೆ ಸಿಡಿಯಿತು. ಮಾರ್ಗರೀಟಾ ಅದನ್ನು ಹಿಂದಕ್ಕೆ ಓಡಿಸಿ ಮತ್ತೆ ತೋರಿಸಿದಳು. ನಕ್ಕವರಲ್ಲಿ ಅಂದು ಟಾಕೀಸಿನಲ್ಲಿ ನಕ್ಕವರೂ ಇದ್ದಿರಬೇಕು. ಅವನು ಎದ್ದು ಹೊರಟಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

“ಆವಾಗ ಸೊಪ್ಪು ಉಡಿಸಿ ಕುಣಿಸಿದಾಗ ನೀವು ನನ್ನ ಹೆಸರು ಕೇಳಲಿಲ್ಲ. ಈಗ ತಿಳಕೊಂಡು ಹೋಗ್ರಿ. ಮಾರ್ಗರೀಟಾ.”

ಅವನ ದೂರು ಬಂದಾಗ ಸಂಸ್ಥೆಯವರು ಕ್ಷಮೆ ಕೇಳಲು ಹೇಳಿದರು. ಅವಳು ಕೇಳಲಿಲ್ಲ. ಅವರು ಕ್ಯಾಮೆರಾ ಹಿಂದಕ್ಕೆ ಪಡೆದರು. ಹುಡುಗರು ತೆಗೆಯುತ್ತಿದ್ದ ಶಾಲೆಯ ಚಿತ್ರ ಅರ್ಧಕ್ಕೇ ನಿಂತಿತು, ಊರಲ್ಲಿ ಕೆಲವರು ಅವಳನ್ನು ಬೈದರು. ದಾಂಡೇಲಿಯಲ್ಲಿ ಮದುವೆಗಳ ವಿಡಿಯೋ ತೆಗೆಯುವವರಿಂದ ಹಾಶಿಮ ಕ್ಯಾಮೆರಾ ಎರವಲು ತಂದ ಮೇಲೆಯೇ ಕೆಲಸ ಮತ್ತೆ ಸಾಗಿತು.

ಇನ್ನಾದರೂ ಆ ನಿರ್ದೇಶಕನನ್ನು ಕ್ಷಮಿಸಿಬಿಡು ಎಂದು ಚರ್ಚಿನ ಪಾದ್ರಿಗಳು ಒಮ್ಮೆ ಹೇಳಿದರಂತೆ. ಇನ್ನೂ ಸ್ವಲ್ಪ ದಿನ ಹೋಗಲಿ ಎಂದಳಂತೆ ಮಾರ್ಗರೀಟಾ.