ಅಂಗಳದಲ್ಲಿ ಹತ್ತೊಂಬತ್ತು ಜನ

ಆ ಶನಿವಾರ ಬೆಳಗಿನ ಶಾಲೆ ಮುಗಿಸಿ, ಅಂಕೋಲಾದ ಒಂದು ವೃದ್ಧಾಶ್ರಮದಲ್ಲಿ ಅತ್ತೆಯ ಹೆಸರು ಬರೆಸಲು ಹೋಗಿದ್ದೆ. ಸೊಂಟ ಮುರಿದ ಮೇಲೆ ಅವರು ಹಾಸಿಗೆ ಬಿಟ್ಟು ಎದ್ದಿಲ್ಲ. ಅವರನ್ನು ಎತ್ತಿ ಕೂರಿಸುತ್ತಿದ್ದವರು ನನ್ನ ಯಜಮಾನರು. ಅವರು ತೀರಿಕೊಂಡು ಐದು ತಿಂಗಳಾಗಿತ್ತು. ನಾನು ಶಾಲೆಗೆ ಹೋದರೆ ಮನೆಯಲ್ಲಿ ಅತ್ತೆಯನ್ನು ನೋಡುವವರಿರಲಿಲ್ಲ.

ಅದೇ ದಿನ ಕಾರವಾರದಿಂದ ಸುರಕ್ಷತೆಯ ತಪಾಸಣೆಗೆ ಅಧಿಕಾರಿಯೊಬ್ಬರು ಬಂದಿದ್ದರು. ನೆಲಕ್ಕೆಲ್ಲ ಫಿನೈಲ್, ಅಜ್ಜಿಯರಿಗೆಲ್ಲ ಇಸ್ತ್ರಿ ಮಾಡಿದ ಸೀರೆ. ತಪಾಸಣೆಯ ದಿನ ಶಾಲೆಯಲ್ಲಿ ನಾವೂ ಹೀಗೆಯೇ ಮಾಡುತ್ತೇವೆ. ಅದಕ್ಕೇ ನನಗೆ ಅನುಮಾನ ಬಂತು. ಬೆಂಕಿ ಬಿದ್ದರೆ ಹೊರಬರುವ ತಾಲೀಮಿಗೆಂದು ಗಂಟೆ ಬಾರಿಸಿದರು. ವೃದ್ಧರು ಅಂಗಳಕ್ಕೆ ಬಂದು ಸಾಲಾಗಿ ನಿಂತರು.

“ಎರಡೇ ನಿಮಿಷ, ಅಕ್ಕೋರೆ! ನಿಮ್ಮ ಶಾಲೆ ಮಕ್ಕಳೂ ಇಷ್ಟು ಬೇಗ ಸಾಲು ನಿಲ್ಲೂದಿಲ್ಲ,” ಎಂದು ಮ್ಯಾನೇಜರು ನಕ್ಕರು.

ಸಾಲು ಕಂಡರೆ ತಲೆ ಎಣಿಸುವುದು ನನ್ನ ಅಭ್ಯಾಸ. ಹತ್ತೊಂಬತ್ತು ಜನರಿದ್ದರು. ಬಾಗಿಲ ಬಳಿಯ ಹಲಗೆಯ ಮೇಲೆ ಆಶ್ರಮವಾಸಿಗಳು ಇಪ್ಪತ್ತಮೂರು ಎಂದು ಬರೆದಿತ್ತು.

“ಇನ್ನೂ ನಾಲ್ಕು ಜನ ಎಲ್ಲಿ?” ಎಂದೆ.

ಮ್ಯಾನೇಜರು ದನಿ ತಗ್ಗಿಸಿದರು. “ಅವರು ಮಹಡಿಯವರು, ಏಳೂಕಾಗದವರು. ತಾಲೀಮಿಗೆ ಅಂತ ಸುಮ್ಮನೆ ಅವರಿಗೆ ಯಾಕೆ ತ್ರಾಸು?”

“ನಿಜವಾಗಿ ಬೆಂಕಿ ಬಿದ್ದರೆ?”

“ಬಿಡ್ತು ಅನ್ನಿ, ಅಕ್ಕೋರೆ!”

ಅಭ್ಯಾಸಬಲದಿಂದ ನಾನೂ “ಬಿಡ್ತು” ಎಂದುಬಿಟ್ಟೆ. ಅಧಿಕಾರಿ ಕಾಗದಕ್ಕೆ ಸಹಿ ಹಾಕಿ ಚಹಾಕ್ಕೆ ಕೂತರು. ಮ್ಯಾನೇಜರು ಅತ್ತೆಗಾಗಿ ತೆಗೆದಿಟ್ಟ ಮಂಚ ತೋರಿಸಲು ನನ್ನನ್ನು ಕರೆದೊಯ್ದರು.

ಅದು ಮಹಡಿಯ ಮೇಲಿತ್ತು, ಆ ನಾಲ್ವರ ಸಾಲಿನಲ್ಲಿ ಐದನೆಯದು.