ಮಾತಾಡಿಸದೆ ಇಟ್ಟ ಕೂಸು

ಕೋವಿಡ್ ತಗ್ಗಿದ ಮರುವರ್ಷ. ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಪ್ರಸೂತಿ ತಜ್ಞೆಯಾಗಿದ್ದ ನಾನು ವಾರಕ್ಕೊಮ್ಮೆ ಖಾನಾಪುರಕ್ಕೆ ಹೋಗಿ ಬಸುರಿಯರನ್ನು ನೋಡುತ್ತಿದ್ದೆ. ಅಲ್ಲಿಗೆ ಗುಂಜಿ ಎಂಬ ಊರಿನ ಶೈಲಾ ಗಂಡನೊಡನೆ ಬಂದಳು, ಹೆಸರು ಬದಲಿಸಿದ್ದೇನೆ. ಚೊಚ್ಚಲ ಬಸಿರು, ಮೂರನೆಯ ತಿಂಗಳು, ಗಟ್ಟಿಮುಟ್ಟಾದ ಹುಡುಗಿ. ಮಚ್ಛೆಯ ಕಾರ್ಖಾನೆಯಲ್ಲಿ ದುಡಿಯುವ ಗಂಡ, ಹೆಂಡತಿಗೆ ಏನೂ ಕಡಿಮೆಯಾಗಬಾರದೆಂದು, ಯಾರನ್ನೂ ಕೇಳದೆ ಲ್ಯಾಬೊಂದರಲ್ಲಿ 'ಪೂರ್ಣ ತಪಾಸಣೆ' ಮಾಡಿಸಿದ್ದ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಂತಾಗಿತ್ತು.

ರಕ್ತ ಅತಿಯಾಗಿ ಹೆಪ್ಪುಗಟ್ಟುವ ದೋಷ ಕೆಲವರಿಗೆ ಹುಟ್ಟಿನಿಂದಲ್ಲ, ನಡುವಯಸ್ಸಿನಲ್ಲೋ ಹರೆಯದಲ್ಲೋ ಬಂದು ಸೇರುತ್ತದೆ. ಗರ್ಭಕ್ಕೂ ಅದರಿಂದ ಅಪಾಯವುಂಟು. ಅದರ ಸುಳಿವು ಕೊಡುವ ಆಂಟಿಬಾಡಿ ಇವಳಲ್ಲಿ ತುಸು ಹೆಚ್ಚಿತ್ತು. ಹಿಂದೆ ಗರ್ಭ ಕಳೆದುಕೊಂಡವರಿಗೆ ಈ ಪರೀಕ್ಷೆ ಬೇಕು. ಆರೋಗ್ಯವಂತೆಯಲ್ಲಿ ಒಂದು ಜ್ವರ ಬಂದು ಹೋದರೂ ಇದು ಏರಬಹುದು. ಹನ್ನೆರಡು ವಾರ ಬಿಟ್ಟು ಮತ್ತೆ ನೋಡದೆ ರೋಗವೆನ್ನುವಂತಿಲ್ಲ.

"ಇಂಜೆಕ್ಷನ್ ಕೊಟ್ಟಬಿಡ್ರಿ ಡಾಕ್ಟರ ಬಾಯಾರ. ಕೂಸಿಗೆ ಏನರ ಆದ್ರ?" ಎಂದ ಗಂಡ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ ಇಂಜೆಕ್ಷನ್ ನಾನು ಕೊಡಲಿಲ್ಲ. ಎಲ್ಲರಂತೆ ಇರಲು ಹೇಳಿ, ಸ್ಕ್ಯಾನಿಂಗಿಗೆ ತಪ್ಪದೆ ಬರಹೇಳಿದೆ. ಬೆಳಗಾವಿಗೆ ಮರಳುವಾಗ ಆ ನಿರ್ಧಾರದ ಜೊತೆ ನಾನೊಬ್ಬಳೇ ಇದ್ದೆ. ವೈದ್ಯಕೀಯ ಪುಸ್ತಕಗಳು ನನ್ನ ಪರವಾಗಿದ್ದವು, ನಿಜ. ಆದರೆ ಕೂಸಿಗೆ ಏನಾದರೂ ಆದರೆ ಪುಸ್ತಕ ಗುಂಜಿಗೆ ಹೋಗಿ ಆ ಮನೆಯವರ ಮುಂದೆ ನಿಲ್ಲುವುದಿಲ್ಲ. ನನಗೆ ಹೆದರಿಕೆಯಾಗಿತ್ತು, ಯಾರಿಗೂ ಹೇಳಿಕೊಳ್ಳಲಿಲ್ಲ.

ಸ್ಕ್ಯಾನಿಂಗುಗಳೆಲ್ಲ ಚೆನ್ನಾಗಿ ಬಂದವು. ಶೈಲಾ ಮಾತ್ರ ಪರದೆಯತ್ತ ತಿರುಗದೆ ಗೋಡೆ ನೋಡುತ್ತಿದ್ದಳು. ನಾಚಿಕೆಯ ಹುಡುಗಿ ಅಂದುಕೊಂಡೆ. ಸೀಮಂತದ ಕುಬಸ ಮಾಡಲು ಬಂದ ತವರಿನವರನ್ನೂ ಈಗ ಬೇಡವೆಂದು ತಿರುಗಿ ಕಳಿಸಿದ್ದಳಂತೆ.

ಹನ್ನೆರಡು ವಾರದ ಬಳಿಕ ಮಾಡಿಸಿದ ಎರಡನೆಯ ರಕ್ತಪರೀಕ್ಷೆಯಲ್ಲಿ ದೋಷವಿರಲಿಲ್ಲ. ಗಂಡ ಕೈಮುಗಿದು ಹೊರಗೆ ಹೋದ. ನನ್ನ ಎದೆಯೂ ಹಗುರಾಯಿತು. ಶೈಲಾ ಕುಳಿತೇ ಇದ್ದಳು.

"ತಿಂಗಳಾತ್ರಿ, ಒಳಗ ಒದಿಯಾಕತ್ತೈತಿ," ಎಂದಳು. "ಉಳೀತೈತೋ ಇಲ್ಲೋ ಅಂತ ಒಮ್ಮಿನೂ ಮಾತಾಡಿಸಿಲ್ರಿ. ಈಗ ಮಾತಾಡಿಸ್ಲೇನ್ರಿ?"

ಮಾತಾಡಿಸು ತಂಗಿ, ಎಂದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, ಹೊಸಬರಿಗೆ ಗುರುತು ಹೇಳುವವಳಂತೆ, "ನಾ ನಿಮ್ಮವ್ವ" ಎಂದಳು.

ಬರುವ ಉತ್ತರವನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಮೊದಲೇ ತಿಳಿಯದೆ ಯಾವ ಪರೀಕ್ಷೆಯನ್ನೂ ಮಾಡಿಸಬಾರದೆಂದು ಕಿರಿಯ ವೈದ್ಯರಿಗೆ ಹೇಳುತ್ತಿದ್ದೆ. ಆದರೆ ಕೆಲವು ಬಸುರಿಯರು ಎರಡನೆಯ ಉತ್ತರಕ್ಕಾಗಿ ವಾರಗಟ್ಟಲೆ ಕಾಯಲೇಬೇಕಾಗುತ್ತದೆ. ನಿವೃತ್ತಳಾಗುವವರೆಗೂ ಅಂಥ ಬಸುರಿಯರ ಬಿಪಿ ನೋಡುವ ಮೊದಲೇ ಕೇಳುತ್ತಿದ್ದೆ: "ಕೂಸಿನ ಕೂಡ ಮಾತಾಡ್ತೀಯೋ ಇಲ್ಲೋ?"