ಆಮೆಗಳ ಪರವಾಗಿ ಒಂದು ಫೋನ್ ಕರೆ

ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಇದ್ದಷ್ಟು ದಿನ, ಸೂಪರ್ ಮಾರ್ಕೆಟ್ ಬಾಗಿಲಲ್ಲಿ ಚಾರಿಟಿಯವರು ಕಂಡರೆ ಸಾಕು, ಫೋನ್ ಕಿವಿಗಿಟ್ಟುಕೊಂಡು ದಾಟಿಬಿಡುತ್ತಿದ್ದೆ. ಆ ಕಡೆ ಯಾರೂ ಇರುತ್ತಿರಲಿಲ್ಲ. ಒಮ್ಮೆ ಹಾಗೆ ನಡೆಯುತ್ತಲೇ, ಆ ಸುಳ್ಳು ಫೋನಿನಲ್ಲಿ, ಗಟ್ಟಿಮುಟ್ಟಾಗಿದ್ದ ಅಜ್ಜಿಗೆ ಆಪರೇಷನ್ ಕೂಡ ಮಾಡಿಸಿದ್ದೇನೆ. ಆಮೇಲೆ ಸಿಡ್ನಿಗೆ ಬಂದೆ. ಸಿಕ್ಕ ಕೆಲಸ ಯಾವುದು? ಅಂಗಡಿ ಬಾಗಿಲಲ್ಲಿ ನಿಲ್ಲುವ ಚಾರಿಟಿಯವನದು.

ನಮ್ಮದು ಕಡಲಾಮೆಗಳ ಚಾರಿಟಿ. ಚಿಲ್ಲರೆ ಹಾಕುವ ಡಬ್ಬಿಯ ವ್ಯವಹಾರವಲ್ಲ. ತಿಂಗಳು ತಿಂಗಳು ಬ್ಯಾಂಕಿನಿಂದ ದುಡ್ಡು ತಾನಾಗಿ ಹೋಗುವಂತೆ ಜನರಿಂದ ಟ್ಯಾಬ್ಲೆಟ್ ಮೇಲೆ ಸಹಿ ಹಾಕಿಸಬೇಕು. ಸಹಿಯಾದ ಕೂಡಲೇ ನಮ್ಮ ಆಫೀಸಿನಿಂದ ಅವರಿಗೆ ಫೋನ್ ಬರುತ್ತದೆ, ನಿಜವಾಗಿಯೂ ಒಪ್ಪಿದ್ದೀರಾ ಎಂದು ಕೇಳಲು. ಅಲ್ಲಿ ಹೂಂ ಅಂದರೆ ಮಾತ್ರ ಆ ಸಹಿಗೆ ಬೆಲೆ.

ನನಗೆ ಸಹಿಗಳಿಗಿಂತ, ಅನುಕರಿಸಲು ದನಿಗಳೇ ಹೆಚ್ಚು ಸಿಕ್ಕವು. ಕೆಲ್ಲಿವಿಲ್ ಬಡಾವಣೆಯಲ್ಲಿ ಎರಡೆರಡು ಕಾರಿನ ದಂಪತಿ ಮನೆಸಾಲ ನೆನೆದು "ಮಾರ್ಟ್‌ಗೇಜ್ ಇದೆ" ಎನ್ನುತ್ತಿದ್ದುದು ಮನೆಯಲ್ಲಿ ಸಾವಾಗಿದೆ ಎಂಬ ರಾಗದಲ್ಲಿ. ನಾನೂ ಅದೇ ರಾಗದಲ್ಲಿ ಸಂತಾಪ ಹೇಳಿ ಕಳಿಸುತ್ತಿದ್ದೆ. ಟೀಮ್ ಲೀಡರ್ ನನಗಿಂತ ಎರಡು ವರ್ಷ ಚಿಕ್ಕವಳು, ಪ್ರತಿ ವಾಕ್ಯದ ಬಾಲವನ್ನೂ ಮೇಲಕ್ಕೆತ್ತುವ ಹುಡುಗಿ. ಆ ಶನಿವಾರ ಟೂಂಗಾಬಿಯ ಅಂಗಡಿಸಾಲಿನಲ್ಲಿ ನಿಲ್ಲಿಸಿ ಹೇಳಿದಳು: ಐದು ಗಂಟೆಯೊಳಗೆ ಒಂದು ಸೈನ್-ಅಪ್, ಇಲ್ಲಾಂದ್ರೆ ಸೋಮವಾರ ಬರಬೇಡ? ಪ್ರಶ್ನೆಯಂತೆ ಕೇಳಿಸಿತು. ಪ್ರಶ್ನೆಯಾಗಿರಲಿಲ್ಲ. ಆ ಕೆಲಸ ಹೋದರೆ ರೆಂಟ್‌ಗೆ ನನ್ನ ಬಳಿ ಇದ್ದದ್ದು ಮಿಮಿಕ್ರಿ ಒಂದೇ.

ನಾಲ್ಕೂವರೆಗೆ ಇಂಡಿಯನ್ ಅಂಗಡಿಯಿಂದ ಒಬ್ಬರು ಅಂಕಲ್ ಹೊರಬಂದರು. ನನ್ನ ಹಸಿರು ಜಾಕೆಟ್ ಕಂಡದ್ದೇ ಫೋನ್ ಕಿವಿಗೆ ಹೋಯಿತು.

"ಹಲೋ ಹೌದಾ ಹಾಗಾ ಬಂದೆ ಮಾರಾಯ ಅರ್ಜೆಂಟಾ ಆಯ್ತು ಇಲ್ಲ ಹೌದು ಬಂದೆ..."

ಉಡುಪಿ ಕಡೆಯ ದನಿ. ಆದರೆ ಎಲ್ಲೂ ಬಿಡುವಿಲ್ಲ. ನಿಜವಾದ ಫೋನಿನಲ್ಲಿ ಆ ಕಡೆಯವರಿಗೂ ಉಸಿರಾಡಲು ಜಾಗವಿರುತ್ತದೆ. ಈ ವಿದ್ಯೆಯಲ್ಲಿ ನಾನು ಅವರಿಗಿಂತ ಸೀನಿಯರ್.

"ಅಂಕಲ್, ಆ ಕಡೆಯವ್ರಿಗೂ ಸ್ವಲ್ಪ ಮಾತಾಡಕ್ಕೆ ಬಿಡಿ."

ಅವರು ನಿಂತರು. "ಅಯ್ಯೋ, ನೀನು ಕನ್ನಡದವನಾ!"

ಅವರ ಫೋನ್ ಮಾತನ್ನು ಅವರದೇ ದನಿಯಲ್ಲಿ ಒಪ್ಪಿಸಿದೆ. ಚೀಲ ಜಾರುವಷ್ಟು ನಕ್ಕರು. "ಇನ್ನೊಮ್ಮೆ ಮಾಡು ಮಾರಾಯ." ಮೂರು ಸಲ ಮಾಡಿದೆ. ಊರಿನ ಹುಡುಗ ಎಂದು ಗೊತ್ತಾದ ಮೇಲೆ ನಮ್ಮವರಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಅದು ಗೊತ್ತಿದ್ದೇ ಕನ್ನಡ ತೆಗೆದಿದ್ದೆ, ಭಾಷಾಭಿಮಾನದಿಂದಲ್ಲ. ನಗು ಆರುವ ಮೊದಲೇ ಟ್ಯಾಬ್ಲೆಟ್ ಮುಂದೆ ಹಿಡಿದೆ.

"ಆಮೆಯಾ? ನಮ್ಮಲ್ಲಿ ಬಲೆಗೆ ಸಿಕ್ಕಿದ್ರೆ ಬಿಟ್ಟುಬಿಡ್ತಿದ್ರು. ಅದಕ್ಕೆ ಯಾರಿಗೂ ತಿಂಗಳು ತಿಂಗಳು ಕೊಡ್ಲಿಕ್ಕಿರ್ಲಿಲ್ಲ" ಎನ್ನುತ್ತಲೇ ಸಹಿ ಹಾಕಿದರು.

ಅವರ ಫೋನ್ ರಿಂಗಾಯಿತು, ಈ ಸಲ ನಿಜವಾಗಿಯೂ. ಒಪ್ಪಿಗೆ ಕೇಳಲು ನಮ್ಮ ಆಫೀಸಿನವರು ಎಂದೆ. ಅಂಕಲ್ ಅದನ್ನು ನನ್ನ ಕೈಗೆ ತುರುಕಿದರು.

"ನೀನೇ ಮಾತಾಡು. ನನ್ನ ದನಿ ನನಗಿಂತ ನಿನಗೇ ಚಂದ ಬರ್ತದೆ. ಬಂಗುಡೆ ಐಸ್ ಬಿಡ್ತಾ ಉಂಟು."

ಲೀಡರ್ ಕಾಫಿಗೆ ಹೋಗಿದ್ದಳು. ಮೋಸ ಎಂದು ಗೊತ್ತಿದ್ದೂ ಫೋನ್ ಎತ್ತಿದೆ. ಅಂಕಲ್ ಪಿಸುಗುಟ್ಟಿದಂತೆ ಹೆಸರು ಹೇಳಿದೆ, ಮನೆ ನಂಬರ್ ಹೇಳಿದೆ. ಆಫೀಸಿನ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಳು: ಯಾರಾದರೂ ಒತ್ತಾಯ ಮಾಡಿದರೇ? ಮನಸಾರೆ ಒಪ್ಪಿದ್ದೀರಾ?

ಯೆಸ್ ಎಂದರೆ ಮುಗಿಯುತ್ತಿತ್ತು. ಆದರೆ ಮಿಮಿಕ್ರಿಯವರಿಗೊಂದು ಕಾಯಿಲೆ ಇದೆ. ಒಬ್ಬರ ದನಿ ಗಂಟಲಲ್ಲಿ ಕೂತರೆ ಅವರ ಮನಸ್ಸೂ ಬಂದು ಕೂರುತ್ತದೆ. ಅಂಕಲ್‌ರ ಇಂಗ್ಲಿಷಿನಲ್ಲಿ ನನ್ನ ಬಾಯಿ ಹೇಳಿದ್ದು ಇಷ್ಟು: ಒತ್ತಾಯ ಎಂತದೂ ಇಲ್ಲ, ಪಾಪ, ನಮ್ಮ ಊರಿನ ಹುಡುಗ, ಬಿಸಿಲಲ್ಲಿ ನಿಂತಿದ್ದಾನೆ, ಬೇಡ ಅಂತ ಹೇಳುವುದು ಹೇಗೆ? ಈಗ ಹೂಂ ಹೇಳುವುದು, ಸೋಮವಾರ ಬ್ಯಾಂಕಿಗೆ ಹೇಳಿ ನಿಲ್ಲಿಸುವುದು.

ಅಂಕಲ್ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿದರು. "ಅದು ನಿನಗೆ ಹೇಗೆ ಗೊತ್ತಾಯ್ತು?"

ಆಫೀಸಿನವಳು ಧನ್ಯವಾದ ಹೇಳಿ, ಸಹಿ ರದ್ದು ಮಾಡಿ, ಫೋನ್ ಇಟ್ಟಳು. ಕಾಫಿ ಹಿಡಿದು ಬಂದ ಲೀಡರ್ ಟ್ಯಾಬ್ಲೆಟ್ ನೋಡಿದಳು, ಗಡಿಯಾರ ನೋಡಿದಳು. "ಜಾಕೆಟ್ ಕೊಡ್ತೀಯಾ?" ಇದೊಂದು ಮಾತ್ರ ನಿಜವಾದ ಪ್ರಶ್ನೆಯಂತಿತ್ತು.

"ಬೇಜಾರು ಮಾಡ್ಬೇಡ, ಮನೆಗೆ ಬಾ, ಮೀನು ಉಂಟು" ಎಂದು ಅಂಕಲ್ ಮೂರು ಸಲ ಕರೆದರು. ನಾಲ್ಕನೆಯ ಸಲ ಕರೆದದ್ದು ಕಾರಿನ ಕಿಟಕಿಯಿಂದ, ಕಾರು ಹೊರಟ ಮೇಲೆ. ಅವರ ಅಡ್ರೆಸ್ ಇದ್ದ ಟ್ಯಾಬ್ಲೆಟ್ ಅಷ್ಟರಲ್ಲಿ ಲೀಡರ್ ಕೈ ಸೇರಿತ್ತು. ಅಂಕಲ್‌ಗೂ ಅದು ಕಂಡಿತ್ತು.

ರೈಲು ಸ್ಟೇಷನ್ ಬಾಗಿಲಲ್ಲಿ ಇನ್ನೊಂದು ಚಾರಿಟಿಯ ಹುಡುಗ, ಅನಾಥ ನಾಯಿಗಳದ್ದು, ನನ್ನನ್ನು ಕಂಡು ಕೈಬೀಸಿದ. ನನ್ನ ಫೋನ್ ತಾನಾಗಿ ಕಿವಿಗೆ ಹೋಯಿತು.

"ಹಲೋ," ಎಂದೆ. ಆ ಕಡೆಯವರಿಗೆ ಜಾಗ ಬಿಟ್ಟೆ. "ಇಲ್ಲ, ಇವತ್ತೇ ಹೋಯ್ತು." ಮತ್ತೆ ಜಾಗ ಬಿಟ್ಟೆ. "ಹೂಂ, ನಂದೇ ತಪ್ಪು."

ಹುಡುಗನಿಗೆ ಭಾಷೆ ತಿಳಿಯದಿದ್ದರೂ ದನಿ ಕೇಳಿ ಪಾಪ ಅನ್ನಿಸಿರಬೇಕು, ದಾರಿ ಬಿಟ್ಟ.